ಟೊಮೆಟೊ ಎಲೆಸುರಂಗ ಪತಂಗ: ಗುರುತಿಸುವುದು ಹೇಗೆ?

ಟೊಮೆಟೊ ಎಲೆಗಳಲ್ಲಿ ಸುರಂಗ ಕಂಡೊಡನೆ ಕೀಟನಾಶಕ ಸಿಂಪಡಿಸಬೇಡಿ; ಮೊದಲು ಕೀಟವನ್ನು ಗುರುತಿಸಿ. ಮೇರಿಕ್ ಅವರು 1917ರಲ್ಲಿ ಪೆರು ದೇಶದ ಮಾದರಿಗಳಿಂದ ವಿವರಿಸಿದ ಟೂಟಾ ಅಬ್ಸಲ್ಯೂಟಾ ಪತಂಗವು ಭಾರತದಲ್ಲಿ 2014ರಲ್ಲಿ ಪುಣೆಯ ಬಳಿ ಪತ್ತೆಯಾಯಿತು. ತರುವಾಯ ಕರ್ನಾಟಕಕ್ಕೂ ಹರಡಿತು.

ಗುರುತಿಸುವ ಲಕ್ಷಣಗಳು:

• ಪತಂಗ: 5–7 ಮಿ.ಮೀ. ಉದ್ದ, ಬೂದು ರೆಕ್ಕೆಗಳ ಮೇಲೆ ಕಪ್ಪು ಚುಕ್ಕೆಗಳು, ದಾರದಂತಹ ಮೀಸೆಗಳು.
• ಮರಿಹುಳು: ತಲೆಯ ಹಿಂದೆ ಕಿರಿದಾದ ಕಪ್ಪು ಪಟ್ಟಿ, ಸ್ಪಷ್ಟ ತಲೆ ಹಾಗೂ ಕಾಲುಗಳು.
• ಹಾನಿ: ಎಲೆಯಲ್ಲಿ ಅಗಲವಾದ, ಹಿಕ್ಕೆ ತುಂಬಿದ ಸುರಂಗಗಳು, ಕಾಯಿಯಲ್ಲಿ, ವಿಶೇಷವಾಗಿ ತೊಟ್ಟಿನ ಬಳಿ, ಸೂಜಿಮೊನೆಯಷ್ಟು ರಂಧ್ರಗಳು.

ರಂಗೋಲಿ ಹುಳು ನೊಣದ ಮರಿ, ಅದಕ್ಕೆ ಕಾಲುಗಳಿಲ್ಲ. ಅದರ ಸುರಂಗ ಅಂಕುಡೊಂಕಾದ ಗೆರೆಯಂತಿದ್ದು, ಅದು ಕಾಯಿಯನ್ನು ಕೊರೆಯದು. ಇದನ್ನು ಪತಂಗವೆಂದು ಭ್ರಮಿಸಿ ಪದೇ ಪದೇ ಸಿಂಪಡಿಸಿದರೆ ಹಣ ವ್ಯರ್ಥ. ಪರತಂತ್ರ ಜೀವಿಗಳೂ ನಾಶವಾಗಿ ರಂಗೋಲಿ ಹುಳುವೇ ಹೆಚ್ಚುತ್ತದೆ.

ಆಲೂಗಡ್ಡೆ ಗೆಡ್ಡೆ ಪತಂಗವು ಟೂಟಾವನ್ನೇ ಹೋಲುವುದರಿಂದ, ಗಂಡು ಪತಂಗದ ಜನನಾಂಗಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಪ್ರಭೇದವನ್ನು ಖಚಿತಪಡಿಸಲಾಗುತ್ತದೆ. ಸಂದೇಹವಿದ್ದಲ್ಲಿ ಹಾನಿಗೊಂಡ ಎಲೆ, ಕಾಯಿ ಮತ್ತು ಮರಿಹುಳುಗಳನ್ನು ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ತನ್ನಿರಿ. ಟೂಟಾ ಎಂದು ದೃಢಪಟ್ಟಲ್ಲಿ ಹಾನಿಗೊಂಡ ಎಲೆ-ಕಾಯಿಗಳನ್ನು ಕಿತ್ತು ನಾಶಪಡಿಸಿ, ಮೋಹಕ ಬಲೆಗಳಿಂದ ಪತಂಗಗಳ ಸಂಖ್ಯೆಯನ್ನು ಗಮನಿಸಿರಿ.