ತುಳಸಿಯ ಕೆಳಗಿನ ಕಡಲು

ಮುಂಬಯಿಯ ಮಾಟುಂಗ ಸ್ಟೇಷನ್ನಿನಿಂದ ಪೂರ್ವಕ್ಕೆ ಇಳಿದರೆ ಹೂವಿನ ಅಂಗಡಿಗಳು. ಮಲ್ಲಿಗೆಗೆ ಚೌಕಾಸಿ ಮಾಡುವವರ ನಡುವೆ ತುಳಸಿಯನ್ನಷ್ಟೇ ಕೊಂಡು, ಎಲೆ ಬಾಡಿಲ್ಲ ತಾನೇ ಎಂದು ನೋಡಿ ಚೀಲಕ್ಕೆ ಹಾಕಿಕೊಳ್ಳುವ ಹಿರಿಯರೂ ಇರುತ್ತಾರೆ. ಅವರು ಉಡುಪಿ ಕಡೆಯವರಾದರೆ ಆ ತುಳಸಿಯ ಒಂದು ದಳವಾದರೂ ಹೋಗಿ ಕೂರುವುದು ಕಪ್ಪು ಕಲ್ಲೊಂದರ ನೆತ್ತಿಯ ಮೇಲೆ. ಕಿಂಗ್ಸ್ ಸರ್ಕಲ್ಲಿನ ಸುತ್ತ ಹೋಟೆಲು ಕಟ್ಟಿ ಬೆಳೆದ ಮನೆತನಗಳಲ್ಲಿ ಊರಿಂದ ಬಂದ ದೇವರ ಪೆಟ್ಟಿಗೆ ತೆರೆದರೆ ಸಾಲಿಗ್ರಾಮ ಸಿಕ್ಕೀತು. ಉಡುಪಿ ಜಿಲ್ಲೆಯಲ್ಲಿ ಆ ಹೆಸರಿನ ಊರೇ ಒಂದಿದೆ.

ಈ ಕಲ್ಲಿನ ಕತೆ ಎಲ್ಲರಿಗೂ ಗೊತ್ತು. ಜಲಂಧರನ ಹೆಂಡತಿ ವೃಂದೆ, ತನಗೆ ಮೋಸ ಮಾಡಿದ ವಿಷ್ಣುವನ್ನು ಕಲ್ಲಾಗೆಂದು ಶಪಿಸಿದಳು, ತಾನು ತುಳಸಿಯಾದಳು. ಆ ಕಲ್ಲು ಸಿಗುವುದು ನೇಪಾಳದ ಗಂಡಕಿ ನದಿಯಲ್ಲಿ. ಅದರೊಳಗಿನ ಚಕ್ರವನ್ನು ವಜ್ರಕೀಟವೆಂಬ ಹುಳು ಕೊರೆಯಿತು ಎಂಬುದು ನಂಬಿಕೆ. ನನಗೆ ಈ ಹುಳುವಿನ ಮಾತು ಬಹಳ ಇಷ್ಟ. ಕಲ್ಲಿನ ಸುರುಳಿಯನ್ನು ದಿನಾ ಕೈಯಲ್ಲಿ ಹಿಡಿದು ತೊಳೆಯುತ್ತಿದ್ದವರು, ಇದು ನೀರು ಸವೆಸಿ ಆದದ್ದಲ್ಲ, ಇಲ್ಲೊಂದು ಜೀವದ ಕೈವಾಡವಿದೆ ಎಂದು ಗುರುತಿಸಿದ್ದರು. ತಪ್ಪಿದ್ದು ಇಷ್ಟೇ: ಪ್ರಾಣಿ ಚಕ್ರವನ್ನು ಕೊರೆಯಲಿಲ್ಲ, ಚಕ್ರವೇ ಆ ಪ್ರಾಣಿಯ ಮನೆ.

ಪ್ರಾಣಿಯ ಹೆಸರು ಅಮೋನೈಟ್. ಮಂಗಳೂರಿನ ಮೀನು ಮಾರ್ಕೆಟ್ಟಿನಲ್ಲಿ ಬೊಂಡಾಸ್ ಎನ್ನುತ್ತಾರಲ್ಲ, ಆ ಸ್ಕ್ವಿಡ್ಡಿನ ದೂರದ ನೆಂಟ. (ಮಡಿಯುಟ್ಟು ಪೂಜೆಗೆ ಕೂತವರ ಮುಂದೆ ಈ ಮಾತು ತೆಗೆಯದಿರುವುದು ಲೇಸು.) ಸುಮಾರು 15 ಕೋಟಿ ವರ್ಷಗಳ ಹಿಂದೆ ಹಿಮಾಲಯ ಇನ್ನೂ ಎದ್ದಿರಲಿಲ್ಲ, ಆ ಜಾಗದಲ್ಲಿ ಟೆಥಿಸ್ ಎಂಬ ಕಡಲಿತ್ತು. ಅಮೋನೈಟ್ ಅದರಲ್ಲಿ ಈಜಿಕೊಂಡಿತ್ತು. ಬೆಳೆದಂತೆಲ್ಲ ಅದು ಚಿಪ್ಪಿಗೆ ಹೊಸ ಕೋಣೆ ಸೇರಿಸಿ, ಹಳೆಯದಕ್ಕೆ ಗೋಡೆ ಕಟ್ಟಿ ಮುಂದಕ್ಕೆ ಸರಿಯುತ್ತಿತ್ತು. ಹಿಂದಿನ ಕೋಣೆಗಳಲ್ಲಿ ಗಾಳಿ ತುಂಬಿ ತೇಲುವುದಕ್ಕೆ ಅನುಕೂಲ. ಬಾಯಿಯ ಕಡೆಯ ಕೊನೆಯ ದೊಡ್ಡ ಕೋಣೆಯಲ್ಲಿ ಮಾತ್ರ ವಾಸ.

ಇದು ಕಲ್ಲಾದದ್ದು ಹೇಗೆ? ನಮ್ಮ ಮಾತಿನಲ್ಲಿ ಕಲ್ಲಾಗುವುದೆಂದರೆ ಒಳಗಿನ ಮೆದು ಒಣಗಿ ಗಟ್ಟಿಯಾಗುವುದು. ಎಳೆಯ ಮಗನನ್ನು ಬೊಂಬಾಯಿಯ ಹೋಟೆಲು ಕೆಲಸಕ್ಕೆ ಕಳಿಸಿದ ಎಷ್ಟು ತಾಯಂದಿರು "ಮನಸ್ಸು ಕಲ್ಲು ಮಾಡಿಕೊಂಡು ಕಳಿಸಿದೆ" ಎಂದಿಲ್ಲ! ಹಗಲು ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಗೆ ಹೋದ ಹುಡುಗರ ಬೆನ್ನಿಗೆ ಈ ಮಾತಿತ್ತು. ಆದರೆ ಕಡಲ ತಳದಲ್ಲಿ ನಡೆಯುವುದು ಬೇರೆ. ಅಲ್ಲಿ ಮೆದುವಾದದ್ದೇ ಕಲ್ಲನ್ನು ಮಾಡುತ್ತದೆ.

ಸತ್ತ ಅಮೋನೈಟ್ ತಳದ ಕೆಸರಿಗೆ ಇಳಿಯಿತು. ಮೇಲೆ ಇನ್ನಷ್ಟು ಕೆಸರು ಬಿತ್ತು. ಅಲ್ಲಿ ಆಮ್ಲಜನಕವಿಲ್ಲ, ಆದರೂ ಕೊಳೆಯುವುದು ನಿಲ್ಲಲಿಲ್ಲ. ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳು ಸಮುದ್ರದ ನೀರಿನ ಸಲ್ಫೇಟನ್ನು ಬಳಸಿಕೊಂಡು ಮಾಂಸ ತಿಂದವು. ಹಾಗೆ ತಿನ್ನುವಾಗ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಹೊಮ್ಮುತ್ತದೆ. ಅದು ಕೆಸರಿನ ಕಬ್ಬಿಣದೊಡನೆ ಸೇರಿದರೆ ಪೈರೈಟ್, ಅಂದರೆ ಚಿನ್ನದಂತೆ ಹೊಳೆಯುವ ಖನಿಜ. ಕೆಲವು ಸಾಲಿಗ್ರಾಮಗಳಲ್ಲಿ ಕಾಣುವ ಹೊನ್ನಿನ ಮಿಂಚು ಅದೇ. ಇನ್ನೊಂದು ಕಡೆ, ಕೊಳೆಯುವ ದೇಹದಿಂದ ಹೊರಬಿದ್ದ ಇಂಗಾಲ ನೀರಿನಲ್ಲಿ ಕರಗಿದ ಕ್ಯಾಲ್ಸಿಯಮ್ಮಿನೊಡನೆ ಕೂಡಿ, ಸುತ್ತಲಿನ ಕೆಸರಿನ ಕಣಕಣಗಳ ನಡುವೆ ಗಾರೆಯಂತೆ ಕೂರುತ್ತದೆ. ದೇಹದ ಸುತ್ತ ಒಂದು ಗಟ್ಟಿ ಉಂಡೆ ಕಟ್ಟುತ್ತದೆ. ಉಂಡೆಯ ಆಚೆಗಿನ ಕೆಸರು ಮುಂದೆ ಬರೀ ಪದರುಪದರಿನ ಜೇಡಿಕಲ್ಲಾಗುತ್ತದೆ. ಕಡಲ ತಳ ಹಿಮಾಲಯವಾಗಿ ಮೇಲೆದ್ದ ಮೇಲೆ ಮಳೆ, ಹಿಮ, ನದಿ ಆ ಜೇಡಿಕಲ್ಲನ್ನು ಉದುರಿಸಿದವು. ಉಂಡೆ ಉಳಿಯಿತು, ಮುಕ್ತಿನಾಥದ ಕಡೆಯಿಂದ ಉರುಳಿ ಗಂಡಕಿಯ ನೀರಿಗೆ ಬಿತ್ತು.

ಉಂಡೆ ಕಟ್ಟುವುದಕ್ಕೇ ಲಕ್ಷಾಂತರ ವರ್ಷ ಬೇಕೆಂದು ನಾನೂ ಅಂದುಕೊಂಡಿದ್ದೆ. ಜಪಾನಿನ ನಗೋಯ ವಿಶ್ವವಿದ್ಯಾಲಯದ ಸಂಶೋಧಕರು ದಂತದಂಥ ಚಿಪ್ಪಿನ ಒಂದು ಕಡಲಜೀವಿಯ ಸುತ್ತ ಕಟ್ಟಿದ ಇಂಥ ಉಂಡೆಗಳನ್ನು ಪರೀಕ್ಷಿಸಿ, ಅವು ಬೆಳೆಯಲು ವಾರಗಳೋ ತಿಂಗಳುಗಳೋ ಸಾಕಾಗಿದ್ದವೆಂದು 2015ರಲ್ಲಿ ಲೆಕ್ಕ ಹಾಕಿದರು. ಅಂದರೆ ಶಾಪದ ಕತೆಗಳ ಆತುರ ಪೂರ್ತಿ ಸುಳ್ಳಲ್ಲ. ತಡವಾಗುವುದು ಕಲ್ಲು ನಮ್ಮ ಕೈಗೆ ಬರುವುದಕ್ಕೆ.

ಕಲ್ಲಿನ ಸುರುಳಿ ಕಂಡು ಇಂಥ ಕತೆ ಕಟ್ಟಿದವರು ಬೇರೆ ಕಡೆಯೂ ಇದ್ದಾರೆ. ಇಂಗ್ಲೆಂಡಿನ ವಿಟ್ಬಿಯಲ್ಲಿ ಅಮೋನೈಟ್‌ಗಳನ್ನು ಸಂತ ಹಿಲ್ಡಾ ಕಲ್ಲು ಮಾಡಿದ ಹಾವುಗಳೆಂದು ನಂಬಿದ್ದರು. ಹಾವಿಗೆ ತಲೆಯಿಲ್ಲವಲ್ಲ ಎಂದು ಅಂಗಡಿಯವರು ತಾವೇ ತಲೆ ಕೆತ್ತಿ ಮಾರಿದರು. ನಮ್ಮವರು ಅದರ ಬದಲು ತುಳಸಿ ಇಟ್ಟರು.

ಇನ್ನು ಮಾಟುಂಗದ ನೆಲ. ಇಲ್ಲಿ ಕಟ್ಟಡಕ್ಕೆ ಪಾಯ ತೋಡಿದರೆ ಕೆಳಗೆ ಕಾದಿರುವುದು ಲಾವಾ ತಣಿದು ಆದ ಕರಿಕಲ್ಲು. ದಖ್ಖನಿನ ಲಾವಾ ಭೋರ್ಗರೆದು ಹರಿದದ್ದು 6.6 ಕೋಟಿ ವರ್ಷಗಳ ಹಿಂದಿನ ಆಸುಪಾಸಿನಲ್ಲಿ. ಡೈನೋಸಾರ್‌ಗಳ ಜೊತೆ ಅಮೋನೈಟ್‌ಗಳ ವಂಶ ಅಳಿದದ್ದೂ ಆಗಲೇ. ಮುಂಬಯಿಯಲ್ಲಿ ವಯಸ್ಸು ಅಳೆದ ಕೆಲವು ಕಲ್ಲುಗಳು ಅದಕ್ಕಿಂತ ಕೊಂಚ ಕಿರಿಯವು, ಸುಮಾರು 6.2 ಕೋಟಿ ವರ್ಷದವು. ಈ ಊರಿನ ಲಾವಾದ ಎರಡು ಸುತ್ತುಗಳ ನಡುವೆ ಬಿಡುವಿತ್ತು. ಕೆರೆ, ಕೆಸರು, ಕಪ್ಪೆ ಎಲ್ಲ ಇದ್ದವು. ವರ್ಲಿ ಗುಡ್ಡದ ಆ ಕೆಸರಿನ ಪದರದಲ್ಲಿ ಸಿಕ್ಕ ಪುಟ್ಟ ಕಪ್ಪೆಗಳನ್ನು 1847ರಲ್ಲಿ ರಿಚರ್ಡ್ ಓವನ್ ವಿವರಿಸಿದರು. ಡೈನೋಸಾರ್ ಎಂಬ ಹೆಸರನ್ನು ಕೊಟ್ಟವರೂ ಅವರೇ. ಅಮೋನೈಟ್ ದಾಟದ ಗಂಡಾಂತರವನ್ನು ಕಪ್ಪೆಯ ಕುಲ ದಾಟಿ ಬಂದು, ವರ್ಲಿಯಲ್ಲಿ ಕಲ್ಲಾಯಿತು. ಯಾರೂ ಅದಕ್ಕೆ ತುಳಸಿ ಇಡಲಿಲ್ಲ, ಪಾಪ.

ನಮ್ಮ ಮನೆಯ ಸಾಲಿಗ್ರಾಮಕ್ಕೆ ಒಂದು ಬದಿಯಲ್ಲಿ ಬಾಯಿಯಿದೆ, ಕಿರುಬೆರಳು ತೂರುವಷ್ಟು. ಅಭಿಷೇಕ ಮಾಡುವಾಗ ನೀರು ಅಲ್ಲಿ ಒಳಗೆ ಹೋಗಿ, ಕ್ಷಣ ಹೊತ್ತು ನಿಂತು, ಒಂದೊಂದೇ ಹನಿಯಾಗಿ ತಟ್ಟೆಗೆ ಬೀಳುತ್ತದೆ. ಆ ನೀರು ತಂಗುವುದು ಪ್ರಾಣಿ ವಾಸವಿದ್ದ ಕೊನೆಯ ಕೋಣೆಯಲ್ಲಿ. ಅಮ್ಮ ಅದನ್ನೇ ಉದ್ಧರಣೆಯಲ್ಲಿ ತೆಗೆದು ಎಲ್ಲರ ಅಂಗೈಗೆ ಹಾಕುತ್ತಾಳೆ.