ಮುಚ್ಚಳ ಬಿಗಿದರೆ ನೀರಾ ಕೆಡುವುದಿಲ್ಲವೇ?

ನೀರಾವನ್ನು ಬಾಟಲಿಗೆ ತುಂಬಿ, ಗಾಳಿಯಾಡದಂತೆ ಮುಚ್ಚಿದರೆ ದಿನಗಟ್ಟಲೆ ಕೆಡದು ಎಂದು ನಂಬಿದವರಿದ್ದಾರೆ. ಇದು ತಪ್ಪು, ಅಪಾಯವೂ ಹೌದು.

ಗಾಳಿ ತಡೆದರೆ ವಿನೆಗರ್‌ನಂಥ ಹುಳಿ ತಗ್ಗುತ್ತದೆ, ನಿಜ. ಆ ಬ್ಯಾಕ್ಟೀರಿಯಾಗೆ ಆಮ್ಲಜನಕ ಬೇಕು. ಯೀಸ್ಟ್‌ಗೆ ಬೇಕಿಲ್ಲ! ಮುಚ್ಚಿದ ಬಾಟಲಿಯಲ್ಲೂ ಅದು ಸಕ್ಕರೆ ತಿಂದು ಆಲ್ಕೋಹಾಲ್, ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ. ಅನಿಲಕ್ಕೆ ದಾರಿಯಿಲ್ಲ. ಪ್ಲಾಸ್ಟಿಕ್ ಬಾಟಲಿ ಉಬ್ಬುತ್ತದೆ, ಗಾಜಿನದು ಸಿಡಿಯಬಹುದು. ದೇಶನೂರಿನ ಬಿಸಿಲಲ್ಲಿ ಇನ್ನೂ ಬೇಗ.

ಕಾಸರಗೋಡಿನ ಸಿಪಿಸಿಆರ್‌ಐ ಸಂಸ್ಥೆ ‘ಕಲ್ಪರಸ’ ಇಳಿಸಲು ತೆಂಗಿನ ಹೊಂಬಾಳೆಗೇ ಮಂಜುಗಡ್ಡೆಯ ಪೆಟ್ಟಿಗೆ ಜೋಡಿಸುವುದು ಇದಕ್ಕೇ. ತಂಪು ಯೀಸ್ಟನ್ನು ಕೊಲ್ಲದು, ನಿಧಾನ ಮಾಡುತ್ತದೆ ಅಷ್ಟೆ. ಹಾಗಾಗಿ ಬಾಟಲಿಗೆ ಸುರಿದ ಮೇಲೂ ಐಸ್‌ನಲ್ಲೇ ಒಯ್ಯಿರಿ. ಬಾಟಲಿ ಉಬ್ಬಿದ್ದರೆ ಅದು ಹೆಂಡವಾಗುತ್ತಿದೆ ಎಂದರ್ಥ; ಮಕ್ಕಳಿಗೆ ಕೊಡಬೇಡಿ.