ತೆಗೆಸಿದ ಬೊಜ್ಜು ಮರಳಿ ಬಾರದಿರಲು

ವೈಟ್‌ಫೀಲ್ಡ್ ಬೇಸಾಯಕ್ಕಾಗಿ ಹುಟ್ಟಿದ ಊರು. ೧೮೮೨ರಲ್ಲಿ ಮೈಸೂರಿನ ಮಹಾರಾಜರು ಇತ್ತ ಭೂಮಿಯಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ಉತ್ತು ಬಿತ್ತಿ ಬದುಕಲೆಂದು ಅದನ್ನು ಕಟ್ಟಲಾಯಿತು. ಇಂದು ಅಲ್ಲಿ ನೇಗಿಲು ಕಾಣುವುದಿಲ್ಲ. ಎತ್ತರದ ಗಾಜಿನ ಕಟ್ಟಡಗಳೊಳಗೆ ಸಾವಿರಾರು ತರುಣ ತರುಣಿಯರು ಗಣಕಯಂತ್ರದ ಮುಂದೆ ಕುಳಿತು ದುಡಿಯುತ್ತಾರೆ. ನಗರದ ದಕ್ಷಿಣಕ್ಕಿರುವ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ಇದೇ ನೋಟ. ವಾಯವ್ಯದ ಪೀಣ್ಯದಲ್ಲಿ ಕಾರ್ಮಿಕನು ಯಂತ್ರದ ಮುಂದೆ ನಿಂತಿರುತ್ತಾನೆ, ನಿಜ. ಆದರೆ ನಿಂತಲ್ಲಿಯೇ ನಿಲ್ಲುವುದು ನಡೆದಂತಾಗುವುದಿಲ್ಲ.

ಇಂತಹ ಬಾಳಿನಲ್ಲಿ ಮೂವತ್ತು ತುಂಬುವುದರೊಳಗೆ ನಡು ತುಂಬಿ ಬರುವುದು ಅಚ್ಚರಿಯಲ್ಲ. ಕನ್ನಡಿಯ ಮುಂದೆ ನಿಂತು ಬೇಸತ್ತವರಲ್ಲಿ ಕೆಲವರು ವರ್ಷಗಟ್ಟಲೆ ಕೂಡಿಟ್ಟ ಸಂಬಳದ ಹಣವನ್ನು ತೆತ್ತು ಕೊಬ್ಬನ್ನು ಹೀರಿ ತೆಗೆಸಿಕೊಳ್ಳುತ್ತಾರೆ. ಲೈಪೋಸಕ್ಷನ್ ಎಂದು ಪ್ರಸಿದ್ಧವಾದ ಶಸ್ತ್ರಚಿಕಿತ್ಸೆ ಇದೇ. ನಡು ಸಣ್ಣದಾಗುತ್ತದೆ, ಹಳೆಯ ಉಡುಪು ಸಡಿಲವಾಗುತ್ತದೆ, ಗೆಳೆಯರು ಮೆಚ್ಚುತ್ತಾರೆ. ಆದರೆ ಒಂದು ಪ್ರಶ್ನೆ ಉಳಿದೇ ಉಳಿಯುತ್ತದೆ: ಐದು ವರ್ಷಗಳ ತರುವಾಯ ಈ ನಡು ಹೀಗೆಯೇ ಇರುವುದೇ?

ಕೊಳವೆ ಮಾಡುವ ಕೆಲಸ

೧೯೭೦ರ ದಶಕದಲ್ಲಿ ರೋಮಿನ ಆರ್ಪಾದ್ ಫಿಷರ್ ಮತ್ತು ಅವರ ಮಗ ಜೋರ್ಜಿಯೋ ಫಿಷರ್ ಈ ವಿಧಾನಕ್ಕೆ ತಳಹದಿ ಹಾಕಿದರು. ೧೯೭೭ರಲ್ಲಿ ಪ್ಯಾರಿಸಿನ ಈವ್ ಜೆರಾರ್ ಇಲ್ಲೂಸ್ ಎಂಬ ವೈದ್ಯರು ಮೊಂಡು ತುದಿಯ ಕೊಳವೆಯನ್ನು ಬಳಸಿ, ರಕ್ತನಾಳಗಳಿಗೂ ನರಗಳಿಗೂ ಆಗುವ ಹಾನಿಯನ್ನು ಕಡಮೆ ಮಾಡಿದರು. ಕ್ಯಾಲಿಫೋರ್ನಿಯಾದ ಚರ್ಮವೈದ್ಯ ಜೆಫ್ರಿ ಕ್ಲೈನ್ ಮತ್ತೊಂದು ಹೆಜ್ಜೆ ಮುಂದಿಟ್ಟರು. ಮರವಳಿಕೆಯ ಮದ್ದನ್ನೂ ರಕ್ತಸ್ರಾವವನ್ನು ತಗ್ಗಿಸುವ ಅಡ್ರಿನಲಿನ್ನನ್ನೂ ಉಪ್ಪುನೀರಿನಲ್ಲಿ ತೆಳುವಾಗಿ ಬೆರೆಸಿ, ಕೊಬ್ಬಿನ ಪದರಕ್ಕೆ ಧಾರಾಳವಾಗಿ ತುಂಬುವ ಅವರ ವಿಧಾನವು ೧೯೮೭ರಲ್ಲಿ ಪ್ರಕಟವಾಯಿತು.

ಕೊಳವೆಯು ಹೀರುವುದು ಚರ್ಮದ ಕೆಳಗಿನ ಕೊಬ್ಬನ್ನು ಮಾತ್ರ. ಹಾಗೆ ಹೋದ ಕೊಬ್ಬಿನ ಕೋಶಗಳು ಹೋದಂತೆಯೇ ಸರಿ. ‘ಇನ್ನು ಹೆದರಿಕೆಯಿಲ್ಲ’ ಎಂಬ ನಂಬಿಕೆ ಹುಟ್ಟುವುದು ಇಲ್ಲಿಯೇ. ಮೋಸ ಹೋಗುವುದೂ ಇಲ್ಲಿಯೇ. ಏಕೆಂದರೆ ಕೊಳವೆ ಮುಟ್ಟದ ಕೋಶಗಳು ದೇಹದಲ್ಲಿ ಇನ್ನೂ ಬೇಕಾದಷ್ಟು ಉಳಿದಿರುತ್ತವೆ. ಉಂಡದ್ದು ಹೆಚ್ಚಾಗಿ ದುಡಿದದ್ದು ಕಡಮೆಯಾದರೆ ಉಳಿಕೆಯೆಲ್ಲವೂ ಅವುಗಳೊಳಗೆ ಸೇರಿ, ಒಂದೊಂದು ಕೋಶವೂ ಉಬ್ಬುತ್ತದೆ.

ಕೊಬ್ಬು ಹಿಡಿದ ಬೇರೆ ದಾರಿ

ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯದ ಟೆರಿ ಹರ್ನಾಂಡೆಜ್, ರಾಬರ್ಟ್ ಎಕೆಲ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ ನೋಡಿದರು. ಅತಿಯಾಗಿ ದಪ್ಪವಲ್ಲದ ೩೨ ಮಂದಿ ಸ್ತ್ರೀಯರಲ್ಲಿ ೧೪ ಮಂದಿಗೆ ಶಸ್ತ್ರಚಿಕಿತ್ಸೆ ನಡೆಯಿತು. ಉಳಿದ ೧೮ ಮಂದಿ ಹೋಲಿಕೆಗಾಗಿ ಹಾಗೆಯೇ ಇದ್ದರು. ಮೊದಲ ವಾರಗಳಲ್ಲಿ ವ್ಯತ್ಯಾಸ ಎದ್ದು ಕಾಣುತ್ತಿತ್ತು. ವರ್ಷ ತುಂಬುವ ಹೊತ್ತಿಗೆ ಎರಡು ಗುಂಪುಗಳ ಒಟ್ಟು ಕೊಬ್ಬಿನಲ್ಲಿ ಗಣನೀಯವಾದ ಅಂತರವೇ ಉಳಿಯಲಿಲ್ಲ. ಹೀರಿ ತೆಗೆದ ತೊಡೆಗಳೇನೋ ಸಣ್ಣದಾಗಿಯೇ ಇದ್ದುವು. ಕೊಬ್ಬು ಮಾತ್ರ ಹೊಟ್ಟೆಯ ಕಡೆಗೆ ಸೇರಿಕೊಂಡಿತ್ತು. ೨೦೧೧ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಕೊಬ್ಬು ಮರಳಿತೆಂದು ತಿಳಿಸಿದ ಮೇಲೆಯೂ ಹೋಲಿಕೆಯ ಗುಂಪಿನ ಅರ್ಧಕ್ಕಿಂತ ಹೆಚ್ಚು ಮಂದಿ ಶಸ್ತ್ರಚಿಕಿತ್ಸೆಯನ್ನು ಬಯಸಿ ಮಾಡಿಸಿಕೊಂಡರಂತೆ! ರೂಪದ ಆಸೆ ಅಷ್ಟು ಬಲವಾದುದು.

ಆ ಆಸೆಯನ್ನು ಹಳಿಯಬೇಕಾಗಿಲ್ಲ. ಆದರೆ ರೂಪವನ್ನು ಆರೋಗ್ಯವೆಂದು ಭ್ರಮಿಸಬಾರದು. ೨೦೦೪ರಲ್ಲಿ ಸೇಂಟ್ ಲೂಯಿಸ್ ನಗರದ ವೈದ್ಯರು ಸ್ಥೂಲಕಾಯದ ೧೫ ಮಂದಿ ಸ್ತ್ರೀಯರನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿದರು. ಒಬ್ಬೊಬ್ಬರಿಂದಲೂ ಸರಾಸರಿ ೯-೧೦ ಕಿಲೋ ಕೊಬ್ಬನ್ನು ತೆಗೆದರೂ, ೧೦-೧೨ ವಾರಗಳ ಬಳಿಕ ಅವರ ರಕ್ತದ ಒತ್ತಡವಾಗಲಿ, ಇನ್ಸುಲಿನ್ನಿಗೆ ದೇಹ ಸ್ಪಂದಿಸುವ ರೀತಿಯಾಗಲಿ ಸುಧಾರಿಸಲಿಲ್ಲ. ಮಧುಮೇಹವನ್ನೂ ಹೃದ್ರೋಗವನ್ನೂ ಬರಮಾಡುವುದರಲ್ಲಿ ಮುಂದಾಗಿರುವುದು ಕರುಳು ಯಕೃತ್ತುಗಳ ಸುತ್ತ ಸೇರುವ ಒಳಗಿನ ಕೊಬ್ಬು. ಅಲ್ಲಿಗೆ ಶಸ್ತ್ರವೈದ್ಯನ ಕೊಳವೆ ತಲುಪುವುದಿಲ್ಲ.

ವ್ಯಾಯಾಮದ ಸಾಕ್ಷ್ಯ

ಹಾಗಾದರೆ ಮಾಡಿಸಿಕೊಂಡವರಿಗೆ ಗತಿಯೇನು? ಉತ್ತರ ಬ್ರೆಜಿಲಿನಿಂದ ಬಂದಿದೆ. ಸಾವೊ ಪೌಲೊ ನಗರದಲ್ಲಿ ಸಾಧಾರಣ ತೂಕದ ೩೬ ಮಂದಿ ಸ್ತ್ರೀಯರ ಹೊಟ್ಟೆಯ ಕೊಬ್ಬನ್ನು ತೆಗೆದು, ಎರಡು ತಿಂಗಳ ನಂತರ ಅವರನ್ನು ಎರಡು ಪಂಗಡ ಮಾಡಿದರು. ಒಂದು ಪಂಗಡಕ್ಕೆ ನಾಲ್ಕು ತಿಂಗಳ ಕಾಲ ವಾರಕ್ಕೆ ಮೂರು ಬಾರಿ ವ್ಯಾಯಾಮ. ಇನ್ನೊಂದಕ್ಕೆ ಯಾವುದೂ ಇಲ್ಲ. ಆರು ತಿಂಗಳಾದಾಗ ನೋಡಿದರೆ, ವ್ಯಾಯಾಮವಿಲ್ಲದವರ ಒಳಹೊಟ್ಟೆಯ ಕೊಬ್ಬು ಶೇಕಡಾ ೧೦ರಷ್ಟು ಹೆಚ್ಚಿತ್ತು. ಹೊರಗಿನಿಂದ ಅವರ ಹೊಟ್ಟೆ ಚಪ್ಪಟೆಯಾಗಿಯೇ ಇತ್ತು! ವ್ಯಾಯಾಮ ಮಾಡಿದವರಲ್ಲಿ ಈ ಏರಿಕೆ ಕಂಡುಬರಲಿಲ್ಲ. ೨೦೧೨ರಲ್ಲಿ ಪ್ರಕಟವಾದ ಈ ಅಧ್ಯಯನವು ಹೇಳುವ ಮಾತು ಸ್ಪಷ್ಟವಾಗಿದೆ. ಶಸ್ತ್ರಚಿಕಿತ್ಸೆಯ ತರುವಾಯ ವ್ಯಾಯಾಮವು ಅಲಂಕಾರವಲ್ಲ, ಅವಶ್ಯಕ. ಅದನ್ನು ಬಿಟ್ಟವರಿಗೆ ಕನ್ನಡಿಯು ನಿಜ ಹೇಳದೆಯೂ ಇರಬಹುದು.

ಮೊದಲ ತಿಂಗಳುಗಳು

ಶಸ್ತ್ರಚಿಕಿತ್ಸೆಯಾದ ಕೂಡಲೇ ಕಾಣುವ ಆಕಾರ ಕೊನೆಯದಲ್ಲ. ಬಾವು ಇಳಿದು ನಿಜವಾದ ರೂಪ ನೆಲೆಗೊಳ್ಳಲು ಮೂರರಿಂದ ಆರು ತಿಂಗಳು ಬೇಕು. ವೈದ್ಯರು ಕೊಡುವ ಬಿಗಿಯುಡುಪನ್ನು ಸಾಮಾನ್ಯವಾಗಿ ಕೆಲವು ವಾರಗಳ ಕಾಲ ತೊಡಬೇಕಾಗುತ್ತದೆ. ಸೆಖೆಯೆಂದು ಅದನ್ನು ಕಳಚಿಡುವುದು ತರವಲ್ಲ. ಮನೆಯೊಳಗಿನ ಮೆಲುನಡಿಗೆಯನ್ನು ಬೇಗನೆ ಆರಂಭಿಸಬೇಕು. ಕಾಲಿನ ರಕ್ತ ಹೆಪ್ಪುಗಟ್ಟದಿರಲು ಅದೇ ಉಪಾಯ. ಓಟ, ಭಾರ ಎತ್ತುವುದು ಮೊದಲಾದುವನ್ನು ವೈದ್ಯರ ಅಪ್ಪಣೆಯಾದ ಮೇಲೆ ಕೈಗೊಳ್ಳಬೇಕು. ಏದುಸಿರು, ಎದೆನೋವು, ಒಂದೇ ಕಾಲಿನ ಊತ, ಜ್ವರ – ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ಪಾಳಿ, ಕ್ಯಾಂಟೀನು, ಕುರ್ಚಿ

ಆಮೇಲಿನದು ವರ್ಷಗಟ್ಟಲೆಯ ಕೆಲಸ. ಪೀಣ್ಯದ ಕಾರ್ಮಿಕನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಲೇತಿಗೆ ಎಷ್ಟು ಹಣ ಸುರಿದು ರಿಪೇರಿ ಮಾಡಿಸಿದರೂ, ಎಣ್ಣೆ ಬಿಡದೆ ಓಡಿಸಿದರೆ ಅದು ಮತ್ತೆ ಕೆಡುವುದೆಂದು ಆತ ಬಲ್ಲ. ದೇಹದ ಲೆಕ್ಕವೂ ಅಷ್ಟೆ.

ಕ್ಯಾಂಟೀನಿನ ಕಾಫಿಯನ್ನೇ ತೆಗೆದುಕೊಂಡರೆ, ಎರಡು ಚಮಚ ಸಕ್ಕರೆಯಿಂದ ಲೋಟವೊಂದಕ್ಕೆ ಸುಮಾರು ೪೦ ಕ್ಯಾಲೊರಿ ಸೇರುತ್ತದೆ. ದಿನಕ್ಕೆ ಐದು ಲೋಟವಾದರೆ ೨೦೦. ಒಂದು ಕಿಲೋ ಕೊಬ್ಬಿನಲ್ಲಿ ಅಡಗಿರುವ ಶಕ್ತಿ ಸುಮಾರು ೭,೭೦೦ ಕ್ಯಾಲೊರಿ. ದೇಹವು ಅಂಗಡಿಯ ಲೆಕ್ಕದ ಪುಸ್ತಕದಂತೆ ನಡೆಯದಿದ್ದರೂ, ಸಕ್ಕರೆಯ ಚಮಚವೂ ವರ್ಷ ಕಳೆದರೆ ಸಣ್ಣದಲ್ಲವೆಂಬುದು ಇದರಿಂದ ತಿಳಿಯುತ್ತದೆ. ಸಂಜೆಯ ಬೋಂಡ ಬಜ್ಜಿಗಳ ಜಾಗದಲ್ಲಿ ಹುರಿಗಡಲೆ, ಮೊಳಕೆಕಾಳು. ಊಟದಲ್ಲಿ ಅನ್ನವೋ ಮುದ್ದೆಯೋ ಒಂದೇ, ಅದೂ ಮಿತವಾಗಿ. ಸೊಪ್ಪು, ಬೇಳೆ, ಮೊಸರು ಧಾರಾಳ – ಇಷ್ಟು ಸಾಕು. ರಾಗಿ ಒಳ್ಳೆಯದೆಂದು ಮೂರು ಮುದ್ದೆ ನುಂಗಿದರೆ ಅದೂ ಕೊಬ್ಬೇ ಆಗುತ್ತದೆ.

ರಾತ್ರಿಪಾಳಿಯವರಿಗೆ ನಿದ್ರೆಯೇ ಮೊದಲ ಮದ್ದು. ನಿದ್ರೆಗೆಟ್ಟವನಿಗೆ ಹಸಿವು ಹೆಚ್ಚು. ಅದರಲ್ಲಿಯೂ ಸಿಹಿಯ, ಕರಿದ ತಿಂಡಿಯ ಹಂಬಲ ಹೆಚ್ಚು. ಹಗಲಿನಲ್ಲಿ ಕಿಟಕಿಗೆ ದಪ್ಪ ಪರದೆ ಎಳೆದು, ಏಳು ಗಂಟೆ ಮಲಗುವ ಏರ್ಪಾಡನ್ನು ಮನೆಯವರೆಲ್ಲರೂ ಸೇರಿ ಮಾಡಿಕೊಡಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಇಷ್ಟು: ವಾರಕ್ಕೆ ಕನಿಷ್ಠ ೧೫೦ ನಿಮಿಷಗಳ ಚುರುಕು ನಡಿಗೆ, ಅಥವಾ ಅದಕ್ಕೆ ಸಮನಾದ ಶ್ರಮ, ಜೊತೆಗೆ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ನಡೆದರೆ ನಡಿಗೆಯ ಲೆಕ್ಕ ತುಂಬಿತು. ಕುಂದಲಹಳ್ಳಿ ಕೆರೆಯ ಸುತ್ತಲೋ, ಹೆಬ್ಬಗೋಡಿ ಕೆರೆಯ ದಂಡೆಯಲ್ಲೋ ನಡೆಯಬಹುದು. ಮೆಟ್ರೋ ಈಗ ವೈಟ್‌ಫೀಲ್ಡಿಗೆ ೨೦೨೩ರಿಂದಲೂ ಎಲೆಕ್ಟ್ರಾನಿಕ್ ಸಿಟಿಗೆ ೨೦೨೫ರಿಂದಲೂ ಓಡುತ್ತಿದೆ. ನಿಲ್ದಾಣದಿಂದ ಕಚೇರಿಗೆ ಆಟೋ ಹಿಡಿಯದೆ ಕಾಲ್ನಡಿಗೆಯಲ್ಲಿ ಹೋದರೆ ಅದೂ ಒಂದು ಸಾಧನೆಯೇ.

ತಕ್ಕಡಿಗಿಂತ ನಂಬಿಕೆಗೆ ಅರ್ಹವಾದುದು ದರ್ಜಿಯ ಅಳತೆಯ ಟೇಪು. ಭಾರತೀಯರಲ್ಲಿ ಗಂಡಸರ ಸೊಂಟದ ಸುತ್ತಳತೆ ೯೦ ಸೆಂಟಿಮೀಟರನ್ನೂ ಹೆಂಗಸರದು ೮೦ ಸೆಂಟಿಮೀಟರನ್ನೂ ಮೀರಬಾರದೆಂದು ವೈದ್ಯರು ಗೊತ್ತುಮಾಡಿದ್ದಾರೆ. ತಿಂಗಳಿಗೊಮ್ಮೆ ಅಳೆದು ಬರೆದಿಟ್ಟರೆ, ಕೊಬ್ಬು ಮರಳುವ ಮೊದಲ ಸುಳಿವು ಸಿಗುತ್ತದೆ. ಹೆಚ್ಚು ತಿನ್ನದಿದ್ದರೂ ತೂಕ ಏರುತ್ತಿದ್ದರೆ ಥೈರಾಯ್ಡ್ ಮೊದಲಾದ ಗ್ರಂಥಿಗಳನ್ನು ಪರೀಕ್ಷಿಸಿಕೊಳ್ಳಬೇಕು.

ಮುಂಚೆಯೇ ಯೋಚಿಸಬೇಕಾದುದು

೨೦೨೨ರ ಮೇ ತಿಂಗಳಿನಲ್ಲಿ ಕನ್ನಡ ಕಿರುತೆರೆಯ ಯುವನಟಿಯೊಬ್ಬಳು ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡ ಸುದ್ದಿ ನಾಡನ್ನೇ ಕಲಕಿತು. ಇದು ಸೌಂದರ್ಯಗೃಹದ ಕೆಲಸವಲ್ಲ, ಶಸ್ತ್ರಚಿಕಿತ್ಸೆ ಎಂಬುದನ್ನು ಯಾರೂ ಮರೆಯಬಾರದು. ತರಬೇತಿ ಪಡೆದ ಪ್ಲಾಸ್ಟಿಕ್ ಶಸ್ತ್ರವೈದ್ಯರು, ಅರಿವಳಿಕೆಯ ತಜ್ಞರು, ತುರ್ತುಚಿಕಿತ್ಸೆಯ ಸೌಕರ್ಯ ಇವು ಮೂರೂ ಇರುವಲ್ಲಿ, ೨೦೦೭ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಂತೆ ನೋಂದಣಿಯಾದ ಆಸ್ಪತ್ರೆಯಲ್ಲಿ ಮಾತ್ರ ಇದನ್ನು ಮಾಡಿಸಿಕೊಳ್ಳಬೇಕು.

ಇನ್ನೂ ಒಂದು ಮಾತು. ಶಸ್ತ್ರಚಿಕಿತ್ಸೆಯ ನಂತರ ಪಾಲಿಸಬೇಕಾದ ನಿಯಮಗಳನ್ನು ಅದಕ್ಕೆ ಆರು ತಿಂಗಳ ಮುಂಚೆಯೇ ಪಾಲಿಸಿ ನೋಡುವುದು ಲೇಸು. ಪಾಲಿಸಲು ಸಾಧ್ಯವಾದರೆ, ಮುಂದೆ ಬರುವ ಫಲ ಉಳಿಯುವುದೆಂಬ ಭರವಸೆಗೆ ಆಧಾರ ಸಿಕ್ಕಿತು. ಸಾಧ್ಯವಾಗದಿದ್ದರೆ, ಕೂಡಿಟ್ಟ ಹಣ ಕೈಯಲ್ಲಿಯೇ ಉಳಿಯಿತು. ಕೆಲವರಿಗಂತೂ ಆ ಆರು ತಿಂಗಳಲ್ಲಿ ನಡು ತಾನಾಗಿಯೇ ಇಳಿದು, ಕೊಳವೆಯ ಅಗತ್ಯವೇ ಬೀಳದಿರಬಹುದು. ಅದಕ್ಕಿಂತ ಅಗ್ಗದ ಚಿಕಿತ್ಸೆ ಬೇರೊಂದುಂಟೇ?